ಸನಾಯಾದಲ್ಲಿ ಮುಸ್ತಫಾ

ಗಲ್ಫಿನಲ್ಲಿ ಸಂಸಾರ ಸಮೇತ ಇರುವ ಗಂಡಸರಿಗೆ ಜುಲೈ ಬಂತೆಂದರೆ ಮತ್ತೊಮ್ಮೆ ಬ್ರಹ್ಮಚರ್ಯ. ಇಂಡಿಯನ್ ಸ್ಕೂಲಿಗೆ ರಜೆ ಬೀಳುತ್ತದೆ, ಹೆಂಡತಿ ಮಕ್ಕಳು ಮಂಗಳೂರಿನ ವಿಮಾನ ಹತ್ತುತ್ತಾರೆ. ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಲ್ಲಿ ಯಾರಿಂದಲೂ ಕೆಲಸ ಮಾಡಿಸಬಾರದೆಂದು ಸೌದಿ ಸರಕಾರವೇ ಕಾನೂನು ಮಾಡಿರುವ ಕಾಲವದು. ಒಳಗೆ ಏಸಿಯ ಕೆಳಗೆ ಕೂತ ಗಂಡಸು ಏನಾದರೂ ಮಾಡಬೇಕಲ್ಲ? ಜುಬೈಲಿನ ನಮ್ಮ ಬಳಗದಲ್ಲಿ ಒಬ್ಬರು ಪ್ರತಿ ಬೇಸಿಗೆ ತೂಕ ಇಳಿಸುತ್ತಾರೆ. ಸೆಪ್ಟೆಂಬರಿನಲ್ಲಿ ಹೆಂಡತಿಯ ಜೊತೆಗೆ ಅದೂ ವಾಪಸ್ ಬರುತ್ತದೆ. ಇನ್ನೊಬ್ಬರು ನೀರುದೋಸೆ ಕಲಿಯುತ್ತಲೇ ಇದ್ದಾರೆ. ನಾನು ವಿಡಿಯೋ ಗೇಮಿನ ಪೆಟ್ಟಿಗೆ ಕಟ್ಟಲು ಹೊರಟೆ.

ತೊಂಬತ್ತರ ದಶಕದಲ್ಲಿ ಊರ ಬಸ್‌ಸ್ಟ್ಯಾಂಡುಗಳ ಬದಿಯಲ್ಲಿ, ಅರ್ಧ ಶಟರ್ ಎಳೆದ ಅಂಗಡಿಯ ಕತ್ತಲಲ್ಲಿ ಆಳೆತ್ತರಕ್ಕೆ ನಿಂತಿರುತ್ತಿದ್ದವಲ್ಲ, ಅಂಥ ಪೆಟ್ಟಿಗೆ. ಆಗ ಅದರೊಳಗೆ ಒಂದೇ ಆಟದ ಬೋರ್ಡು. ಈಗ ಆ ಜಾಗದಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟರೆ ಸಾಕು, ಸಾವಿರಾರು ಆಟ. ಇದರ ಪುಣ್ಯ ನಿಕೋಲಾ ಸಾಲ್ಮೋರಿಯಾ ಎಂಬ ಇಟಲಿಯವನದು. 1997ರಲ್ಲಿ ಆತ ಶುರುಮಾಡಿದ ‘ಮೇಮ್’ ಎಂಬ ತಂತ್ರಾಂಶ ಆ ಬೋರ್ಡುಗಳನ್ನೆಲ್ಲ ಮಾಮೂಲಿ ಕಂಪ್ಯೂಟರಿನಲ್ಲಿ ಅನುಕರಿಸುತ್ತದೆ. 1980ರ ಪ್ಯಾಕ್‌ಮ್ಯಾನ್‌ನ ಮಿದುಳು 3 ಮೆಗಾಹರ್ಟ್ಸ್‌ನ ಒಂದು ಝಡ್-80 ಚಿಪ್ಪು. ಯಾವುದೋ ಆಫೀಸು ಹೊರಹಾಕಿ, ಹರಾಜ್ ಸಂತೆಯಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರಿಗೆ ಅದು ನಿದ್ದೆಯಲ್ಲಿ ಮಾಡುವ ಕೆಲಸ. ಸಂತೆಯವನು ಅದರ ಬೆನ್ನಿನ ಕೆಂಪು ಸ್ವಿಚ್ಚು ತೋರಿಸಿ, 115ರಲ್ಲಿದೆಯೋ 230ರಲ್ಲಿದೆಯೋ ನೋಡಿಯೇ ಪ್ಲಗ್ ಹಾಕು ಎಂದ. ಇಲ್ಲಿನ ಹಳೆಯ ಕಟ್ಟಡಗಳ ಗೋಡೆಯಲ್ಲಿ 127 ವೋಲ್ಟೂ ಉಂಟು, 220 ವೋಲ್ಟೂ ಉಂಟು; ಒಂದೇ ಮನೆಯಲ್ಲಿ ಅಮೆರಿಕದ ಚಪ್ಪಟೆ ಪಿನ್ನೂ ಬ್ರಿಟಿಷರ ದಪ್ಪ ಪಿನ್ನೂ ಅಕ್ಕಪಕ್ಕ ಸಂಸಾರ ಮಾಡುತ್ತವೆ.

ಕಂಪ್ಯೂಟರಿನ ಕೆಲಸ ಅಲ್ಲಿಗೆ ಮುಗಿಯಿತು ಎನ್ನಬೇಕು. ಉಳಿದದ್ದೆಲ್ಲ ಬಡಗಿಯ ಕೆಲಸ.

ಸನಾಯಾದಲ್ಲಿ, ಅಂದರೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಒಬ್ಬರು ಉಸ್ತಾದ್ ಸಿಕ್ಕಿದರು, ಪೇಶಾವರದ ಕಡೆಯವರು. 18 ಮಿಲಿಮೀಟರಿನ ಎಂಡಿಎಫ್ ಹಲಗೆಯಲ್ಲಿ ಮಾಡಿಕೊಡಿ ಎಂದು ಚಿತ್ರ ಕೊಟ್ಟೆ. ಮೇಲೆ ಪರದೆ, ಅದರ ಕೆಳಗೆ ಇಳಿಜಾರು ಹಲಗೆಯಲ್ಲಿ ಗುಂಡಿಗಳು, ಅದರ ಕೆಳಗೆ ದುಡ್ಡಿನ ಕಿಂಡಿ. ಉಸ್ತಾದ್ ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು, ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ವಾಪಸ್ ಕೊಟ್ಟರು.

“ಭಾಯಿಸಾಬ್, ನನಗೆ ಮೂರು ಹೆಣ್ಣುಮಕ್ಕಳು. ಎಟಿಎಂ ಎಲ್ಲ ನನ್ನಿಂದಾಗದು.”

ಇದು ಬ್ಯಾಂಕಿನದಲ್ಲ, ಆಟದ್ದು ಎಂದು ನನ್ನ ಹರಕು ಉರ್ದುವಿನಲ್ಲಿ ಎಷ್ಟು ಹೇಳಿದರೂ ಅವರ ಮುಖದ ಗಂಟು ಸಡಿಲಲಿಲ್ಲ. ಕೊನೆಗೆ, “ಮುಸ್ತಫಾ ಗೇಮ್, ಉಸ್ತಾದ್!” ಎಂದೆ. ಉಸ್ತಾದರ ಗಡ್ಡದೊಳಗಿಂದ ಹತ್ತು ವರ್ಷದ ಹುಡುಗನೊಬ್ಬ ಹೊರಬಂದ. “ಹಳದಿ ಟೋಪಿಯ ಮುಸ್ತಫಾ? ಓಡಿ ಬಂದು ಒದೆಯುತ್ತಾನಲ್ಲ?” ಅವರ ಊರಲ್ಲೂ ಅಂಗಡಿ, ಅವರ ಊರಲ್ಲೂ ಟೋಕನ್, ಅವರನ್ನೂ ಅಪ್ಪ ಕಿವಿ ಹಿಡಿದೇ ಹೊರಗೆಳೆದದ್ದು.

1993ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಮಾರ್ಕ್ ಶುಲ್ಟ್ಸ್ ಅವರ ಕಾಮಿಕ್ಸ್ ಆಧರಿಸಿ ತಂದ ಆ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ನಾಲ್ಕು ಪಾತ್ರಗಳಲ್ಲಿ ಮುಸ್ತಫಾ ಒಬ್ಬ, ಅಷ್ಟೆ. ಆದರೂ ಭಾರತ ಪಾಕಿಸ್ತಾನಗಳ ಹುಡುಗರು ಮೊದಲೇ ಮಾತಾಡಿಕೊಂಡವರಂತೆ ಇಡೀ ಆಟಕ್ಕೆ ಅವನ ಹೆಸರಿಟ್ಟರು. ಎರಡೂ ದೇಶಗಳು ಇಷ್ಟು ಸಲೀಸಾಗಿ ಒಪ್ಪಿದ ಬೇರೆ ವಿಷಯ ನನಗೆ ಹೊಳೆಯುವುದಿಲ್ಲ. ಆ ಆಟ ಮನೆಯ ಕನ್ಸೋಲುಗಳಿಗೆ ಬರಲೇ ಇಲ್ಲ. ಮೇಮ್ ಉಚಿತವಾದರೂ ಆಟಗಳು ಉಚಿತವಲ್ಲ. ಮೆಟಲ್ ಸ್ಲಗ್ ಥರದವನ್ನು ದುಡ್ಡು ಕೊಟ್ಟು ತರಿಸಿಕೊಂಡೆ. ಮುಸ್ತಫಾನನ್ನು ಮಾರುವವರೇ ಇಲ್ಲ. ಅವನ ಬಗ್ಗೆ ಹೆಚ್ಚು ಕೇಳಬೇಡಿ.

ಮೆಟಲ್ ಸ್ಲಗ್‌ಗೆ ಕೊಟ್ಟ ದುಡ್ಡಿನ ಒಂದು ಪಾಲು, ನನಗೆ ಸಂಬಳ ಕೊಡುವ ದೇಶಕ್ಕೇ ತಿರುಗಿ ಬಂದಿರಬೇಕು. ಆ ಆಟದ ಮಾಲೀಕ ಒಸಾಕಾದ ಎಸ್‌ಎನ್‌ಕೆ ಕಂಪನಿ. 2022ರ ಹೊತ್ತಿಗೆ ಅದರ ಶೇ. 96 ಪಾಲು ಇಲ್ಲಿನ ಯುವರಾಜರ ಮಿಸ್ಕ್ ಪ್ರತಿಷ್ಠಾನದ ಅಂಗಸಂಸ್ಥೆಯ ಕೈಗೆ ಬಂದಿತ್ತು. 2018ರ ಏಪ್ರಿಲಿನವರೆಗೆ ಸಿನಿಮಾ ಟಾಕೀಸಿಲ್ಲದೆ, ವಾರಾಂತ್ಯಕ್ಕೆ ಮಾಲಿನ ಗೇಮ್ ಅಂಗಳವೇ ಗತಿಯಾಗಿದ್ದ ಊರುಗಳಿವು. 2024ರಲ್ಲಿ ರಿಯಾದಿನಲ್ಲಿ 6 ಕೋಟಿ ಡಾಲರ್ ಬಹುಮಾನದ ಇ-ಸ್ಪೋರ್ಟ್ಸ್ ವಿಶ್ವಕಪ್ ನಡೆಯಿತು. ಅಪ್ಪಂದಿರಿಂದ ಕಿವಿ ಹಿಂಡಿಸಿಕೊಂಡವರು ಇದನ್ನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ನೋಡಬೇಕು.

ಹಲಗೆಗಳು ಮನೆಗೆ ಬಂದ ದಿನ ಹೆಂಡತಿಗೆ ಫೋಟೋ ಕಳಿಸಿದೆ. “ಎಂತ ಮಾರಾಯ್ರೆ ಅದು, ಚಪ್ಪಲಿ ಸ್ಟ್ಯಾಂಡಾ?” ಎಂದು ಊರಿಂದ ಸಂತೋಷದ ದನಿ. ಸಂತೋಷ ಕೆಡಿಸುವುದು ಬೇಡವೆಂದು ನೆಟ್‌ವರ್ಕ್ ಸರಿಯಿಲ್ಲ ಎಂದೆ.

ಆಮೇಲಿನ ಸಂಜೆಗಳೆಲ್ಲ ಜಾಯ್‌ಸ್ಟಿಕ್ಕಿನ ಜೊತೆ. ಬಿಚ್ಚಿ ನೋಡಿದರೆ ಅದರಲ್ಲಿ ಏನೂ ಇಲ್ಲ: ಒಂದು ಸರಳು, ಒಂದು ಸ್ಪ್ರಿಂಗು, ಸುತ್ತ ನಾಲ್ಕು ಮೈಕ್ರೋಸ್ವಿಚ್ಚು. ಸರಳು ವಾಲಿದ ಕಡೆಯ ಸ್ವಿಚ್ಚು ಟಕ್ ಎನ್ನುತ್ತದೆ. ಪುಟ್ಟದೊಂದು ಯುಎಸ್‌ಬಿ ಬೋರ್ಡು ಆ ಟಕ್ಕನ್ನು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಎಲ್ಲ ನಾಜೂಕು ಇರುವುದು ಅಡಿಯ ಪ್ಲಾಸ್ಟಿಕ್ ತಟ್ಟೆಯ ಚೌಕ ಕಿಂಡಿಯಲ್ಲಿ. ಚೌಕ ನೇರವಾಗಿದ್ದರೆ ಸರಳು ಮೂಲೆಗೂ ವಾಲಿ ಎಂಟು ದಿಕ್ಕು. ಮುಸ್ತಫಾನಿಗೆ ಅದೇ ಬೇಕು. ಪ್ಯಾಕ್‌ಮ್ಯಾನ್‌ಗೆ ಮಾತ್ರ ಅದು ಶತ್ರು: ತಿರುವಿನಲ್ಲಿ ಎರಡು ಸ್ವಿಚ್ಚು ಒಟ್ಟಿಗೆ ಟಕ್ ಎಂದು, ಎತ್ತ ಹೋಗುವುದೆಂದು ತಿಳಿಯದೆ ಬಾಯಿ ತೆರೆದು ನಿಂತವನನ್ನು ದೆವ್ವ ಹಿಡಿಯುತ್ತದೆ. ತಟ್ಟೆಯನ್ನು 45 ಡಿಗ್ರಿ ತಿರುಗಿಸಿ ಕೂರಿಸಿದರೆ ಮೂಲೆಗಳು ಮುಚ್ಚಿ ನಾಲ್ಕೇ ದಿಕ್ಕು.

ಆಗಸ್ಟ್ ಕೊನೆಗೆ ಮಕ್ಕಳು ಬಂದರು. ಮೇಮ್‌ನಲ್ಲಿ ಕೀಬೋರ್ಡಿನ 5 ಒತ್ತಿದರೆ ನಾಣ್ಯ ಬಿದ್ದಂತೆ, 1 ಒತ್ತಿದರೆ ಆಟ ಶುರು. ಮಗ 5ರ ಮೇಲೆ ಬೆರಳಿಟ್ಟುಕೊಂಡೇ ಕೂತ. ಸಾಯುವುದು, 5 ಒತ್ತುವುದು, ಎದ್ದು ಬರುವುದು. ನಮ್ಮ ಕಾಲದ ಹುಡುಗರು ವರ್ಷಗಟ್ಟಲೆ ಬಸ್ಸಿನ ಚಿಲ್ಲರೆ ಸುರಿದರೂ ಮುಖ ಕಾಣದ ಕೊನೆಯ ರಾಕ್ಷಸನನ್ನು ಚಿಪ್ಸ್ ಪ್ಯಾಕೆಟು ಮುಗಿಯುವುದರೊಳಗೆ ಮುಗಿಸಿ, “ಇಷ್ಟೇಯಾ ಪಪ್ಪಾ?” ಎಂದ. ನಾಣ್ಯದ ಭಯವಿಲ್ಲದ ಮುಸ್ತಫಾ ಬರೀ ಹಳದಿ ಟೋಪಿ.

ದುಡ್ಡಿನ ಕಿಂಡಿಯನ್ನು ಅಲಂಕಾರಕ್ಕೆಂದು ಕೊರೆಸಿದ್ದೆ. ಅಲ್ಲಿಗೆ ಚೀನಾದ ನಾಣ್ಯಯಂತ್ರವೊಂದು ಬಂತು. ಅದರ ಹೊಟ್ಟೆಯಲ್ಲಿ ಮಾದರಿಗೊಂದು ನಾಣ್ಯ ಸಿಕ್ಕಿಸಿಟ್ಟರೆ ಅಂಥದ್ದನ್ನು ಮಾತ್ರ ನುಂಗುತ್ತದೆ. ಕಂಪ್ಯೂಟರಿನದೇ ಹಳದಿ ತಂತಿಯಿಂದ 12 ವೋಲ್ಟು ಕೊಟ್ಟು, ಕೀಬೋರ್ಡನ್ನು ಅಟ್ಟಕ್ಕೆ ಹಾಕಿದೆ. ಮಾದರಿಗೆ ಇಟ್ಟದ್ದು ಒಂದು ರಿಯಾಲ್. ಮಗಳು ನಮ್ಮ ರೂಪಾಯಿ ಹಾಕಿ ನೋಡಿದಳು. ವಾಸದ ಪರವಾನಗಿ ಇಕಾಮಾ ಇಲ್ಲದವನನ್ನು ಗೇಟಿನಿಂದ ಕಳಿಸಿದ ಹಾಗೆ ಅದನ್ನು ಹೊರಗೆ ಉಗುಳಿತು.

ನಾಣ್ಯ ಬೀಳುವ ಡಬ್ಬಿಯ ಬೀಗದ ಕೈ ಈಗ ಹೆಂಡತಿಯ ಬಳಿ. ಆದರೆ ಎಲ್ಲರೂ ಕಾರ್ಡು ಉಜ್ಜುವ ಈ ದೇಶದಲ್ಲಿ ರಿಯಾಲ್ ನಾಣ್ಯಕ್ಕೇ ಬರ. ಕಿರಾಣಿ ಅಂಗಡಿ ಬಕಾಲಾದ ಕಾಸರಗೋಡು ಕಾಕನ ಹತ್ತಿರ ಚಿಲ್ಲರೆ ಕೇಳಿದೆ. ಯಾಕೆಂದು ವಿಚಾರಿಸಿದರು, ಹೇಳಿದೆ. ಅಂದಿನಿಂದ ಶುಕ್ರವಾರ ನಮಾಜು ಮುಗಿಸಿ ಅಂಗಡಿ ತೆರೆಯುವವರೆಗಿನ ಹೊತ್ತು ಅವರು ನಮ್ಮ ಹಾಲಿನಲ್ಲೇ. ಮಗನನ್ನು ಪಕ್ಕದ ಜಾಯ್‌ಸ್ಟಿಕ್ಕಿಗೆ ದೂಡಿ, “ಮುಸ್ತಫಾ ನನಗೆ, ನೀನು ಜ್ಯಾಕ್ ತಗೊ” ಎನ್ನುತ್ತಾರೆ. ಶನಿವಾರ ಬೆಳಿಗ್ಗೆ ಹೆಂಡತಿ ಡಬ್ಬಿ ಬಿಚ್ಚಿ, ಅವವೇ ನಾಣ್ಯಗಳಿಂದ ಅವರದೇ ಅಂಗಡಿಯಲ್ಲಿ ಕೊತ್ತಂಬರಿ, ಕರಿಬೇವಿನಸೊಪ್ಪು ತರುತ್ತಾಳೆ. ಕಾಕ ಅವನ್ನು ಗಲ್ಲಾಕ್ಕೆ ಹಾಕುವುದಿಲ್ಲ, ಮುಂದಿನ ಶುಕ್ರವಾರಕ್ಕೆಂದು ಒಂದು ಟ್ಯಾಂಗ್ ಡಬ್ಬಿಯಲ್ಲಿ ಬೇರೆಯೇ ಇಡುತ್ತಾರೆ.