ಟೊಂಕಾಯುಧ ಮೀಮಾಂಸೆ

ಕಾವ್ಯದ ಗುಣದೋಷಗಳನ್ನು ವಿಂಗಡಿಸುವ ಕೆಲಸ ಸೇಡಂ ತಾಲ್ಲೂಕಿನಲ್ಲಿ ಒಂಬತ್ತನೆಯ ಶತಮಾನಕ್ಕೇ ಮುಗಿದಿದೆ. ಕಾಗಿಣಾ ದಂಡೆಯ ಮಳಖೇಡದಲ್ಲಿ, ಅಂದರೆ ಆಗಿನ ಮಾನ್ಯಖೇಟದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನ ‘ಕವಿರಾಜಮಾರ್ಗ’ವನ್ನು ಕೊಟ್ಟು ಕೈತೊಳೆದುಕೊಂಡಿತು. ಅಂಗಿಯೊಳಗೆ ಬಚ್ಚಿಟ್ಟುಕೊಂಡು ಓಡಾಡಲು ತಕ್ಕದಾದ ಸಣ್ಣ ಪಿಸ್ತೂಲಿನ ಗುಣದೋಷ ಮಾತ್ರ ಇಂದಿಗೂ ಅನಿರ್ಣೀತವಾಗಿ ಉಳಿದಿದೆ. ಅಮೆರಿಕದವರು ಈ ವಿಷಯದಲ್ಲಿ ರಾಶಿಗಟ್ಟಲೆ ಬರೆದಿದ್ದಾರೆ. ನಳಿಕೆ ಎಷ್ಟು ಇಂಚಿರಬೇಕು, ಹಿಡಿಯಲ್ಲಿ ಎಷ್ಟು ಬೆರಳು ಕೂರಬೇಕು, ಸೊಂಟದ ಯಾವ ಮಗ್ಗುಲು ಶ್ರೇಷ್ಠ ಎಂಬುದರ ಮೇಲೆ ಅಲ್ಲಿ ಪಂಥಗಳೇ ಹುಟ್ಟಿವೆ. ಆದರೆ ಆ ಶಾಸ್ತ್ರವೆಲ್ಲ ಜಾಕೀಟು ತೊಟ್ಟವನ ಸೊಂಟವನ್ನು ಪ್ರಮಾಣವಾಗಿಟ್ಟುಕೊಂಡದ್ದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಪಂಚಕ್ಷೇತ್ರಗಳ ಟೊಂಕಕ್ಕೆ ಅದು ಅನ್ವಯಿಸೀತೆ ಎಂಬುದೇ ಇಲ್ಲಿಯ ಜಿಜ್ಞಾಸೆ. ವಿಧಾನ ಹೇಳಿಕೊಡುವ ಗುರುವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರೆಂದು ಹೆಸರಾದ ಮರತೂರು ಶಹಾಬಾದಿನ ಮಗ್ಗುಲಲ್ಲೇ ಇದೆ. ಯಾಜ್ಞವಲ್ಕ್ಯ ಸ್ಮೃತಿಯ ಒಂದೊಂದೇ ಪದ ಹಿಡಿದು, ಎದುರಾಳಿಯ ವಾದವನ್ನು ಮೊದಲು ಕೂರಿಸಿ ಮಾತಾಡಿಸಿ, ಆಮೇಲೆ ಎಬ್ಬಿಸಿ ಕಳಿಸುವುದು ಅವನ ಪದ್ಧತಿ. ಇಲ್ಲಿಯೂ ಅದನ್ನೇ ಅನುಸರಿಸಿದೆ. ಮಿತಾಕ್ಷರವೆಂದರೆ ಕಡಿಮೆ ಮಾತು ಎಂದರ್ಥ. ಆ ಒಂದು ಭಾಗವನ್ನು ಪಾಲಿಸಲಾಗದು.

ಮೊದಲನೆಯ ಪದ ‘ಆಯ್ಕೆ’. ಅಮೆರಿಕದ ಗ್ರಂಥಕಾರರು ಕಣ್ಣುಮುಚ್ಚಿ ಶಿಫಾರಸು ಮಾಡುವ 9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರಿನದು. ಪೊಲೀಸರಿಗೆ, ಸೈನ್ಯಕ್ಕೆ ಉಂಟು, ಶೆಟ್ಟರಿಗೆ ಗೌಡರಿಗೆ ಇಲ್ಲ. ವಿದೇಶದಿಂದ ತರಿಸುವ ದಾರಿ ಸಾಮಾನ್ಯ ನಾಗರಿಕನಿಗೆ ಮುಚ್ಚಿ ದಶಕಗಳಾದವು. ಉಳಿದದ್ದು ಮುಖ್ಯವಾಗಿ ನಮ್ಮ ಸರ್ಕಾರಿ ಕಾರ್ಖಾನೆಗಳು ಮಾಡುವ .32 ಬೋರಿನ ರಿವಾಲ್ವರು, ಪಿಸ್ತೂಲು. ಅವುಗಳನ್ನು ಕಾಣುವ ಮೊದಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ 21 ವರ್ಷ ತುಂಬಿರಬೇಕು, ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಆಯುಧ ಹಿಡಿಯಲು ಬರುತ್ತದೆಂಬ ತರಬೇತಿಯ ಪ್ರಮಾಣಪತ್ರ ಬೇಕು, ಮತ್ತು ಪ್ರಾಣಕ್ಕೆ ಕುತ್ತಿದೆಯೆಂದು ಜಿಲ್ಲಾ ದಂಡಾಧಿಕಾರಿಗೆ ಮನವರಿಕೆಯಾಗಬೇಕು. ತಾರ್ಕಿಕರು ಇಲ್ಲಿ ಒಂದು ತೊಡಕು ಕಾಣುತ್ತಾರೆ. ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ವಿಲೇವಾರಿಯಾಗುವ ತನಕ ಬದುಕಿ ಉಳಿದವನು, ತನಗೆ ಪ್ರಾಣಭಯವಿಲ್ಲವೆಂದು ತಾನೇ ಸಾಬೀತು ಮಾಡಿದಂತಾಯಿತು. ಉಳಿಯದಿದ್ದವನ ಅರ್ಜಿ ಯೋಗ್ಯವಾಗಿತ್ತು, ಆದರೆ ಪರವಾನಗಿ ಒಯ್ಯಲು ಅವನು ಬರಲಾರ. ಹೀಗೆ ‘ಆಯ್ಕೆ’ ಎಂಬ ಪದವನ್ನು ಇಲ್ಲಿ ಲಕ್ಷಣಾರ್ಥದಲ್ಲಿ ತೆಗೆದುಕೊಳ್ಳಬೇಕೇ ಹೊರತು ವಾಚ್ಯಾರ್ಥದಲ್ಲಿ ಅಲ್ಲ. ವರ ಒಬ್ಬನೇ ಇರುವಾಗಲೂ ವರಪರೀಕ್ಷೆ ಮಾಡುವುದಿಲ್ಲವೆ, ಹಾಗೆ.

ಎರಡನೆಯ ಪದ ‘ಮುಚ್ಚಿಡುವುದು’. ಇದು ಕಳ್ಳತನದ ಮಾತೆಂದು ಕೆಲವರ ತಪ್ಪು ತಿಳಿವಳಿಕೆ. 2016ರ ಶಸ್ತ್ರಾಸ್ತ್ರ ನಿಯಮಗಳೇ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಚೀಲದಲ್ಲೋ ಒರೆಯಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲೂ ಇರಬೇಕು ಎಂದು ವಿಧಿಸುತ್ತವೆ. ವಿಧಿ ಸ್ಪಷ್ಟ, ಸಾಧನ ಯಾವುದು? ಏಪ್ರಿಲ್ ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಸರ್ಕಾರವೇ ಸೋತು ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುತ್ತದೆ. ಬನಿಯನ್ನೇ ಭಾರವಾಗುವ ಈ ಕಾಲದಲ್ಲಿ ಯಾರಾದರೂ ಕೋಟು ತೊಟ್ಟು ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಅವನ ಬಳಿ ಆಯುಧವಿದೆ, ಇಲ್ಲವೇ ಜ್ವರವಿದೆ. ಎರಡರಲ್ಲಿ ಯಾವುದೆಂದು ವಿಚಾರಿಸದೆ ಜನ ಬಿಡುವುದಿಲ್ಲ. ಧೋತರ ಉಟ್ಟವನ ಟೊಂಕದಲ್ಲಿ ಜಾಗವಿದೆ ನಿಜ. ಆದರೆ ಆ ಜಾಗವನ್ನು ಎಲಿ, ಅಡಕಿ, ಸುಣ್ಣದ ಡಬ್ಬಿ ತುಂಬಿದ ಚಂಚಿ ತಲೆಮಾರುಗಳಿಂದ ಆಕ್ರಮಿಸಿಕೊಂಡಿದೆ. ಅದನ್ನು ತೆರವುಗೊಳಿಸುವ ಅಧಿಕಾರ ಯಾವ ದಂಡಾಧಿಕಾರಿಗೂ ಇಲ್ಲ. ಹೆಂಗಸರ ಪಕ್ಷ ಹಿಡಿದು 2014ರಲ್ಲಿ ಕಾನ್ಪುರದ ಕಾರ್ಖಾನೆ ‘ನಿರ್ಭೀಕ್’ ಎಂಬ .32 ರಿವಾಲ್ವರು ತಂದಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ ಒಂದು ಲಕ್ಷ 22 ಸಾವಿರದ ಆಸುಪಾಸು. ಅರ್ಧ ಕಿಲೋ ತೊಗರಿಬೇಳೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಚಿಂಚೋಳಿಯ ಸಂತೆ ಸುತ್ತಿದವರಿಗೆ ಅದರ ‘ಹಗುರ’ ಎಷ್ಟೆಂದು ತಿಳಿಯುತ್ತದೆ. ಅದಕ್ಕಿಂತ ಅರ್ಥಪೂರ್ಣವಾದ ಸಂಗತಿಯೆಂದರೆ, ಬಚ್ಚಿಡಲೆಂದೇ ಹುಟ್ಟಿದ ಈ ಆಯುಧವನ್ನು ಮಾರಾಟಕ್ಕೆ ತಂದದ್ದು ಒಡವೆ ಇಡುವಂಥ ಪೆಟ್ಟಿಗೆಯಲ್ಲಿ. ಒಡವೆ ಪೆಟ್ಟಿಗೆ ಇರುವುದು ತೆರೆದು ತೋರಿಸಲಿಕ್ಕೆ. ಇದನ್ನು ಸದ್ಯಕ್ಕೆ ನೆನಪಿನಲ್ಲಿಡಬೇಕು.

ರಿವಾಲ್ವರೋ ಪಿಸ್ತೂಲೋ ಎಂಬ ಜಗತ್ಪ್ರಸಿದ್ಧ ವಿವಾದ ನಮ್ಮಲ್ಲಿ ಬೇಗ ಇತ್ಯರ್ಥವಾಗುತ್ತದೆ. ಪಿಸ್ತೂಲು ಪ್ರತಿ ಗುಂಡಿಗೂ ತನ್ನ ಮೇಲ್ಭಾಗವನ್ನು ಹಿಂದಕ್ಕೂ ಮುಂದಕ್ಕೂ ಜಾರಿಸಿ ಖಾಲಿ ತೋಟೆಯನ್ನು ಉಗುಳಿ ಹೊಸತನ್ನು ನುಂಗಬೇಕು. ರಿವಾಲ್ವರು ಸುಮ್ಮನೆ ತನ್ನ ಆರು ಮನೆಯ ಗಾಲಿಯನ್ನು ತಿರುಗಿಸಿಕೊಂಡರೆ ಸಾಕು. ವಾಡಿಯಲ್ಲಿ ಸಿಮೆಂಟಿನ ಧೂಳಿದೆ. ಸೇಡಂನಲ್ಲೂ ಮಳಖೇಡದಲ್ಲೂ ಇದೆ. ಶಹಾಬಾದಿನಲ್ಲಿ ಫರಸಿ ಕೊರೆಯುವ ಕಲ್ಲಿನ ಪುಡಿ ಇದೆ. ಧೂಳು, ಬೆವರು, ಟೊಂಕದ ಬಿಸಿ ಈ ಮೂರೂ ಎಂಟು ದಿನ ಕೂಡಿದರೆ ಏನಾಗುತ್ತದೆಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. ಜಾರುವ ಭಾಗ ಜಾರದೆ ನಿಂತ ಪಿಸ್ತೂಲು ಆಯುಧವರ್ಗದಿಂದ ಸ್ಥಾವರವರ್ಗಕ್ಕೆ ಸೇರುತ್ತದೆ. ಆದ್ದರಿಂದ ರಿವಾಲ್ವರೇ ಶ್ರೇಷ್ಠ. ಆದರೆ ರಿವಾಲ್ವರಿನ ಗಾಲಿ ಅದರ ಮೈಯ ಅತಿ ದಪ್ಪನೆಯ ಭಾಗ, ಒದ್ದೆ ಅಂಗಿಯ ಮೇಲೆ ಉಬ್ಬಿ ಕಾಣುವುದೂ ಅದೇ. ಕೆಲಸ ಮಾಡುವುದು ಮುಚ್ಚುವುದಿಲ್ಲ, ಮುಚ್ಚುವುದು ಕೆಲಸ ಮಾಡುವುದಿಲ್ಲ.

ಇಷ್ಟಕ್ಕೂ ಈ ಐದೂರಲ್ಲಿ ಯಾವುದನ್ನಾದರೂ ಬಚ್ಚಿಡಲು ಸಾಧ್ಯವೆ? ಪುರಾವೆ ಹುಡುಕಿದರೆ ಒಂದೇ ಒಂದು ಸಿಗುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ಶತಮಾನಗಳ ಕಾಲ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿ ಕೂತಿತ್ತು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆಯೇ ಅದು ಜಗತ್ತಿಗೆ ಗೊತ್ತಾದದ್ದು. ಗುಪ್ತವಾಗಿಡುವುದೆಂದರೆ ಅದು. ಆದರೆ ಈ ಉದಾಹರಣೆ ನಮ್ಮ ವಿಷಯಕ್ಕೆ ಅನುಕೂಲವಲ್ಲ. ಆ ಕಲ್ಲು ಸಣ್ಣದಲ್ಲ, ಟೊಂಕದಲ್ಲಿ ಕೂರುವುದಲ್ಲ, ಮೇಲಾಗಿ ಕಾವಲಿಗೆ ಕಾಳಿ ಬೇಕು. ಮನುಷ್ಯರ ಮಟ್ಟಿಗೆ ಇಲ್ಲಿ ಅಪರಿಚಿತನೆಂಬ ಪದಾರ್ಥವೇ ಇಲ್ಲ. ಅಮೆರಿಕದ ಗುಪ್ತಾಯುಧ ಶಾಸ್ತ್ರ ನಿಂತಿರುವುದು ಪಕ್ಕದವನು ಕೇಳುವುದಿಲ್ಲ ಎಂಬ ಒಂದೇ ಕಂಬದ ಮೇಲೆ. ವಾಡಿ ಜಂಕ್ಷನ್ನಿನಲ್ಲಿ 1874ರಲ್ಲಿ ಸಿಕಂದರಾಬಾದಿನ ದಾರಿ ಕೂಡಿದಂದಿನಿಂದ ಪಕ್ಕದವನು ಕೇಳುತ್ತಲೇ ಇದ್ದಾನೆ. ಯಾವೂರು, ಯಾರ ಪೈಕಿ, ಹೊಲ ಎಷ್ಟು ಎಂಬ ಮೂರು ಪ್ರಶ್ನೆಗಳಾದ ಮೇಲೆ ನಾಲ್ಕನೆಯದಾಗಿ “ಟೊಂಕದಾಗ ಏನ್ ಇಟ್ಟೀರಿ?” ಬಂದೇ ಬರುತ್ತದೆ. ಉತ್ತರ ಕೊಡದಿದ್ದರೆ ಕೈ ಹಾಕಿ ನೋಡುವಷ್ಟು ಸಲಿಗೆಯೂ ಇದೆ.

ಇಲ್ಲಿಂದ ನನ್ನ ಸಿದ್ಧಾಂತ. ಆಯುಧದ ಪ್ರಯೋಜನ ಎದುರಿನವನಿಗೆ ಭಯ ಹುಟ್ಟಿಸುವುದು; ಕಾಣದ್ದರಿಂದ ಭಯ ಹುಟ್ಟುವುದಿಲ್ಲ, ಕಂಡರೆ ಕಾನೂನು ಮುರಿಯುತ್ತದೆ. ಈ ಎರಡನ್ನೂ ಒಟ್ಟಿಗೆ ಸಾಧಿಸುವ ವಸ್ತು ಪಂಚಕ್ಷೇತ್ರಗಳಲ್ಲಿ ಒಂದೇ ಒಂದಿದೆ. ಅದೇ “ಅವರ ಹತ್ರ ಅದಂತ” ಎಂಬ ಸುದ್ದಿ. ಸುದ್ದಿ ಪೂರ್ತಿ ಮುಚ್ಚಿದ್ದು, ಏಕೆಂದರೆ ಅದಕ್ಕೆ ಆಕಾರವಿಲ್ಲ. ಪೂರ್ತಿ ಕಾಣುವಂಥದ್ದು, ಏಕೆಂದರೆ ಎಲ್ಲರ ಬಾಯಲ್ಲಿದೆ. ತೂಕವಿಲ್ಲ, ಧೂಳು ಹಿಡಿಯದು, ಬೆವರಿಗೆ ತುಕ್ಕು ತಿನ್ನದು, ಶಹಾಬಾದ ಫರಸಿಯ ಮೇಲೆ ಬಿದ್ದರೂ ಸಿಡಿಯದು. ಅದರ ಬೋರು ಹೇಳುವವನ ಮೇಲೆ ಹೋಗುತ್ತದೆ; ಸೇಡಂನಲ್ಲಿ .32 ಇದ್ದದ್ದು ಚಿಂಚೋಳಿ ಮುಟ್ಟುವಷ್ಟರಲ್ಲಿ ಮಿಲಿಟರಿಯದಾಗಿರುತ್ತದೆ. ಚುನಾವಣೆ ಬಂದರೆ ಪರವಾನಗಿ ಆಯುಧಗಳನ್ನು ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುವುದು ರೂಢಿ. 2013ರ ಮೇ 5, 2018ರ ಮೇ 12, 2023ರ ಮೇ 10, ಲೋಕಸಭೆಗೆ 2024ರ ಮೇ 7, ಹೀಗೆ ಮತದಾನವೆಲ್ಲ ಸುಡುಬಿಸಿಲಲ್ಲೇ. ಊರಲ್ಲಿ ಜಗಳ ಹೆಚ್ಚುವ ಹೊತ್ತಿಗೆ ರಿವಾಲ್ವರು ಠಾಣೆಯ ಕಪಾಟಿನ ನೆರಳಲ್ಲಿ ತಣ್ಣಗಿರುತ್ತದೆ. ಸುದ್ದಿಯೋ, ಇದೇ ಕಾಲದಲ್ಲಿ ಚಿಗುರುತ್ತದೆ. ಜಮಾ ಮಾಡಲು ಹೋದವನು ಠಾಣೆಯ ಕಟ್ಟೆಯ ಮೇಲೆ ರಸೀತಿಗಾಗಿ ಅರ್ಧ ತಾಸು ಕೂತರೆ ಸಾಕು, ಮುಂದಿನ ಐದು ವರ್ಷಕ್ಕೆ ಬೇರೆ ಪ್ರಚಾರ ಬೇಡ. ಹಾಗೆ ನೋಡಿದರೆ ಪರವಾನಗಿದಾರನ ಬಳಿಯಿರುವ ಅತ್ಯಂತ ಪರಿಣಾಮಕಾರಿ ಆಯುಧ ಆ ರಸೀತಿಯೇ.

ಇದಕ್ಕೆ ಮೊದಲ ಆಕ್ಷೇಪ ಇತಿಹಾಸಜ್ಞರದು. ಕನ್ನಡಿಗರ ಕೋವಿಯನ್ನು ಹೀಗೆ ಗಾಳಿಮಾತಿಗೆ ಇಳಿಸುವುದು ಸರಿಯೇ? 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರಾಣ ಕೊಟ್ಟರು. ಕೊಡವರಿಗೆ ಇಂದಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಒಪ್ಪಿದೆ, ಮತ್ತು ಹಲಗಲಿಯವರ ವಿಷಯದಲ್ಲಿ ಅಣಕವಾಡುವ ನಾಲಗೆ ಈ ಪ್ರಬಂಧಕ್ಕೂ ಇಲ್ಲ. ಆದರೆ ಎರಡೂ ಉದಾಹರಣೆ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಹಲಗಲಿಯವರು ಆಯುಧವನ್ನು ಬಚ್ಚಿಡಲಿಲ್ಲ, ಕೊಡುವುದಿಲ್ಲವೆಂದು ಎದುರು ನಿಂತು ಹೇಳಿದರು. ಕೊಡವರು ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಬಚ್ಚಿಟ್ಟುಕೊಳ್ಳುವ ಪರಂಪರೆ ನಮ್ಮಲ್ಲಿ ಎಲ್ಲಿದೆ?

ಎರಡನೆಯದು ಅಮೆರಿಕ ಕಂಡು ಬಂದವರ ಆಕ್ಷೇಪ. 2022ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಪ್ರಜೆಯ ಹಕ್ಕೆಂದಿತು. ಅಂಥ ದೇಶದ ಅನುಭವ ಸುಳ್ಳೆ ಎನ್ನುತ್ತಾರೆ. ಸುಳ್ಳಲ್ಲ, ಎಸಿ ಇರುವ ಕಾರಿನ ಅನುಭವ. ಬೇಸಿಗೆಯಲ್ಲಿ ಸೇಡಂನಿಂದ ಚಿಂಚೋಳಿಗೆ ನಿಂತು ಹೋಗುವ ಬಸ್ಸಿನಲ್ಲಿ ಅದನ್ನು ಪುನಃ ಪರೀಕ್ಷಿಸದೆ ಒಪ್ಪಲಾಗದು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ಸುದ್ದಿ ಬರೀ ಸುದ್ದಿ. ಯಾರಾದರೂ “ಎಲ್ಲಿ, ತೋರಿಸ್ರಿ” ಎಂದು ಎದೆಗೊಟ್ಟು ನಿಂತರೆ? ಉತ್ತರವಾಗಿ, ನಿಜವಾದ ರಿವಾಲ್ವರು ಇದ್ದವನ ಗತಿಯನ್ನು ನೋಡೋಣ. ಚಂಚಿ ಸರಿಸಿ, ಧೋತರದ ಗಂಟು ಸಡಿಲಿಸಿ, ಬೆವರಿಗೆ ಅಂಟಿದ ಒರೆಯಿಂದ ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಒಂದೋ ಎದುರಿನವನು ಹೋಗಿರುತ್ತಾನೆ, ಇಲ್ಲವೇ ಧೋತರ ಹೋಗಿರುತ್ತದೆ. ತೆಗೆದನೆಂದೇ ಇಟ್ಟುಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ಝಳಪಿಸುವುದು ನಿಯಮಕ್ಕೆ ವಿರುದ್ಧ. ಮದುವೆಯ ಮೆರವಣಿಗೆಯಲ್ಲಿ ಖುಷಿಗೆಂದು ಹಾರಿಸಿ ಪರರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆತ್ಮರಕ್ಷಣೆಗೆ ಹಾರಿಸಿದನೆಂದರೆ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆಸರೆಗಿವೆ, ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಬಳಸಲಿಲ್ಲವೆಂಬುದನ್ನು ಇತ್ಯರ್ಥ ಮಾಡಲು ತಾಲ್ಲೂಕಿನ ಕೋರ್ಟಿನಿಂದ ಹೊರಟು, 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆದ ಕಲಬುರಗಿ ಹೈಕೋರ್ಟ್ ಪೀಠದವರೆಗೆ ಓಡಾಡಬೇಕು. ಹೊಲ ಮಾರುವ ಮಾತು ಅಲ್ಲಿ ಶುರುವಾಗುತ್ತದೆ. ಸುದ್ದಿಯವನಿಗಾದರೆ ತೋರಿಸಲು ಏನೂ ಇಲ್ಲದ್ದರಿಂದ ಹಾರಿಸುವ ಅಪಾಯವಿಲ್ಲ. “ತೋರಿಸೋ ವಸ್ತು ಅಲ್ಲ ಬಿಡ್ರಿ ಅದು” ಎಂದು ಎಲಿಗೆ ಸುಣ್ಣ ಹಚ್ಚುತ್ತ ಕೂತರೆ ಸುದ್ದಿ ಇನ್ನೂ ಒಂದು ಬೋರು ದಪ್ಪವಾಗುತ್ತದೆ.

ಕೊನೆಯದು ವಾರಸುದಾರಿಕೆಯ ಪ್ರಶ್ನೆ. ವಿಜ್ಞಾನೇಶ್ವರನ ನೆರೆಯಲ್ಲಿ ಕೂತು ಇದನ್ನು ಬಿಡುವಂತಿಲ್ಲ. 2016ರ ನಿಯಮಗಳ ಪ್ರಕಾರ ಆಯುಧ ವಾರಸುದಾರನಿಗೆ ಹೋಗಬೇಕಾದರೆ ತಂದೆ ತೀರಿಕೊಂಡಿರಬೇಕು, ಅಥವಾ ಅವನಿಗೆ 70 ತುಂಬಿರಬೇಕು, ಅಥವಾ ಆಯುಧ ಅವನ ಬಳಿ 25 ವರ್ಷ ಇದ್ದಿರಬೇಕು. ಬಂದ ಮೇಲೂ ಮಗನ ಹೆಸರಿಗೆ ಬೇರೆ ಪರವಾನಗಿ, ಐದೈದು ವರ್ಷಕ್ಕೆ ನವೀಕರಣ. ಸುದ್ದಿ ಹಾಗಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಮಿತಾಕ್ಷರದ ಮೂಲತತ್ವಕ್ಕೆ ಅದು ಅಕ್ಷರಶಃ ಒಳಪಟ್ಟಿದೆ. ತೊಟ್ಟಿಲಲ್ಲಿರುವಾಗಲೇ ಕೂಸು ‘ಪಿಸ್ತೂಲದವರ ಮನಿ ಹುಡುಗ’ ಆಗಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಸುದ್ದಿಯನ್ನು ಹಂಚುವುದು ಹೇಗೆ ಎಂದು ಕೇಳಬಹುದು. ಬಾವಿಯ ನೀರು ಅವಿಭಾಜ್ಯ, ಸರದಿಯಂತೆ ಬಳಸಬೇಕು ಎಂದು ಧರ್ಮಶಾಸ್ತ್ರ ಹೇಳಿದೆ. ಸುದ್ದಿಯೂ ಅದೇ ಪಂಗಡಕ್ಕೆ ಸೇರತಕ್ಕದ್ದು. ಇನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ. ಆದಕಾರಣ ಸೇಡಂನ ಅಂಥ ಮನೆಯ ಮಗಳು ಚಿಂಚೋಳಿಗೆ ಸೊಸೆಯಾಗಿ ಹೋದರೆ ಅವಳ ಪಾಲು ದಿಬ್ಬಣಕ್ಕಿಂತ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ, ಮತ್ತು ಅವಳು ಮಾಡಿದ ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಯಿತೆಂದು ಆ ಮನೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.