ಬೇಲಿಯಪ್ಪ

ಏಪ್ರಿಲ್ ಬಂತೆಂದರೆ ನ್ಯೂಜೆರ್ಸಿಯ ಯಾವ ಊರಿನ ಪಾರ್ಕಿಗೆ ಶನಿವಾರ ಬೆಳಿಗ್ಗೆ ಹೋದರೂ ಬೇಲಿಯಪ್ಪ ಸಿಗುತ್ತಾನೆ. ಹುಡುಕುವ ಕಷ್ಟ ಇಲ್ಲ, ಕಾರಿನಿಂದ ಇಳಿಯುವ ಮೊದಲೇ ಕಿವಿಗೆ ಬಿದ್ದಿರುತ್ತಾನೆ. ಮಕ್ಕಳು ಬೇಸ್‌ಬಾಲ್ ಆಡುವ ಮೈದಾನದಲ್ಲಿ, ಬ್ಯಾಟು ಹಿಡಿದ ಹುಡುಗನ ಬೆನ್ನ ಹಿಂದೆ ಎತ್ತರದ ತಂತಿಬೇಲಿ ಇರುತ್ತದಲ್ಲ, ಅದರ ಕಂಡಿಗಳಲ್ಲಿ ಎರಡೂ ಕೈಯ ಬೆರಳು ತೂರಿಸಿ, ಹಣೆ ಒತ್ತಿಕೊಂಡು ನಿಂತಿರುತ್ತಾನೆ. ಆರು ಇನ್ನಿಂಗ್ಸ್ ಮುಗಿಸಿ ಈ ಕಡೆ ತಿರುಗಿದಾಗ ಹಣೆಯ ಮೇಲೆ ತಂತಿಯ ಅಚ್ಚು ಮೂಡಿರುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಮಾಸಿರುವುದಿಲ್ಲ. ಕೂರುವುದಕ್ಕೆಂದೇ ತಂದ ಮಡಚುವ ಕುರ್ಚಿ ಪಕ್ಕದಲ್ಲೇ ಇದೆ. ಅದರಲ್ಲಿ ಅವನ ಜಾಕೆಟ್ಟು ಕೂತಿರುತ್ತದೆ.

ಈ ಕುಲದ ಮೂಲ ಅಮೆರಿಕದ್ದೇ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತ ಮೂರು ತಂಡ ಕಟ್ಟಿಕೊಂಡು ಲಿಟಲ್ ಲೀಗ್ ಶುರುಮಾಡಿದ. ದೊಡ್ಡವರ ಬೇಸ್‌ಬಾಲ್ ಚಿಕ್ಕವರಿಗೆ ಆಗಿಬರುವುದಿಲ್ಲ ಎಂದು ಎಲ್ಲವನ್ನೂ ತಗ್ಗಿಸಿದ್ದಾಯಿತು. ದೊಡ್ಡವರಿಗೆ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಹುಡುಗರಿಗೆ 60. ದೊಡ್ಡವರು ಒಂಬತ್ತು ಇನ್ನಿಂಗ್ಸ್ ಆಡಿದರೆ ಹುಡುಗರು ಆರು. ಇಷ್ಟೆಲ್ಲ ಅಳತೆ ಇಳಿಸಿದ ಪುಣ್ಯಾತ್ಮರು ಅಪ್ಪಂದಿರ ಗಂಟಲನ್ನು ಮಾತ್ರ ದೊಡ್ಡವರ ಅಳತೆಯಲ್ಲೇ ಬಿಟ್ಟುಬಿಟ್ಟರು.

ಅಮೆರಿಕನ್ ಬೇಲಿಯಪ್ಪನ ವಿಚಾರ ಬರೆಯಲು ಅಲ್ಲಿಯವರೇ ಬೇಕಾದಷ್ಟು ಜನ ಇದ್ದಾರೆ. ನನ್ನ ಪ್ರೀತಿಯೆಲ್ಲ ಕನ್ನಡದ ಬೇಲಿಯಪ್ಪನ ಮೇಲೆ. ಮೈಸೂರಿನ ಯಾವುದೋ ಖಾಲಿ ಸೈಟಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು, ಈಗ ಎಡಿಸನ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಹಳ ಮೆತ್ತಗಿನ ಪ್ರಾಣಿ. ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ತೆಗೆಯಲು ಹಿಂದೆಮುಂದೆ ನೋಡುತ್ತಾನೆ. ಕನ್ನಡ ಕೂಟದ ಯುಗಾದಿಗೆ ವಂದನಾರ್ಪಣೆ ಮಾಡಿ ಅಂದರೆ ಗಂಟಲು ಕಟ್ಟಿದೆ ಅನ್ನುತ್ತಾನೆ. ಅದೇ ಗಂಟಲು ಬೇಲಿ ಮುಟ್ಟಿದ ಕೂಡಲೇ ಬಿಟ್ಟುಕೊಳ್ಳುತ್ತದೆ.

ಬೇಸ್‌ಬಾಲ್‌ನಲ್ಲಿ ಬಾಯಿಗೂ ಒಂದು ಕೆಲಸವಿದೆ, ಅದಕ್ಕೆ ಚಾಟರ್ ಎನ್ನುತ್ತಾರೆ. ಒಂದು ಕಾಲದಲ್ಲಿ ಫೀಲ್ಡಿಂಗ್ ಮಾಡುವ ಹುಡುಗರು ಬ್ಯಾಟರನ ತಲೆ ಕೆಡಿಸಲು ‘ಹೇ ಬ್ಯಾಟರ್ ಬ್ಯಾಟರ್ ಬ್ಯಾಟರ್, ಸ್ವಿಂಗ್’ ಎಂದು ರಾಗವಾಗಿ ಎಳೆಯುತ್ತಿದ್ದರು. 1986ರ ‘ಫೆರಿಸ್ ಬ್ಯೂಲರ್ಸ್ ಡೇ ಆಫ್’ ಸಿನಿಮಾದಲ್ಲೂ ಅದು ಕೇಳಿಸುತ್ತದೆ. ಈಗ ಹುಡುಗರು ಹಾಗೆ ಕೂಗಿದರೆ ಕೋಚ್ ಬಂದು ಬಾಯಿ ಮುಚ್ಚಿಸುತ್ತಾನೆ. ಎದುರಾಳಿಯ ಬಗ್ಗೆ ಹಗುರವಾಗಿ ಮಾತಾಡುವಂತಿಲ್ಲ ಎಂದು ನಿಯಮಪುಸ್ತಕದಲ್ಲೇ ಇದೆ. ಏನು ಕೂಗಿದರೂ ನಮ್ಮವರನ್ನು ಹುರಿದುಂಬಿಸಲು ಕೂಗಬೇಕು. ನಿಯಮ ಕಟ್ಟಿಹಾಕುವುದು ಆಟಗಾರ, ಕೋಚ್, ಮ್ಯಾನೇಜರ್ ಇವರನ್ನು. ಹೀಗಾಗಿ ಮೈದಾನದ ಒಳಗೆ ಹುಡುಗರು ಬಿಟ್ಟ ವಿದ್ಯೆಯನ್ನು ಬೇಲಿಯ ಹೊರಗೆ ಅಪ್ಪಂದಿರು ಉಳಿಸಿಕೊಂಡು ಬಂದಿದ್ದಾರೆ.

ಮೊದಲ ವರ್ಷ ನಮ್ಮವನಿಗೆ ಈ ಭಾಷೆ ಅರ್ಥವಾಗಲಿಲ್ಲ. ಪಿಚರ್ ಎಸೆದದ್ದು ದೂರ ಹೋಗುತ್ತದೆ, ಮಗ ಬ್ಯಾಟು ಬೀಸದೆ ಸುಮ್ಮನೆ ನಿಲ್ಲುತ್ತಾನೆ, ಸುತ್ತ ನಿಂತವರೆಲ್ಲ ‘ಗುಡ್ ಐ! ಗುಡ್ ಐ!’ ಎಂದು ಚಪ್ಪಾಳೆ ತಟ್ಟುತ್ತಾರೆ. ಹೊಡೆಯದೆ ನಿಂತದ್ದಕ್ಕೂ ಶಹಬಾಸ್‌ಗಿರಿಯೇ ಎಂದು ಬೇಲಿಯಪ್ಪ ತಬ್ಬಿಬ್ಬಾದ. ಅಂಥ ನಾಲ್ಕು ಬಂದರೆ ಹುಡುಗ ಬಿಟ್ಟಿಯಾಗಿ ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾನೆ ಎಂದು ತಿಳಿದ ಮೇಲೆ ಅವನ ತಲೆಯಲ್ಲಿ ದೀಪ ಹತ್ತಿತು. ಇದು ದ್ರಾವಿಡ್ ಕೆಲಸ! ಆಫ್‌ಸ್ಟಂಪಿನ ಹೊರಗಿನದನ್ನು ಬಿಡುವುದು! ಅಂದಿನಿಂದ ಮಗ ಒಂದು ಚೆಂಡು ಬಿಟ್ಟರೆ ಸಾಕು, ‘ದ್ರಾವಿಡ್! ದ್ರಾವಿಡ್!’ ಎಂದು ಬೇಲಿ ಅಲುಗಾಡಿಸತೊಡಗಿದ. ಉಳಿದ ಅಪ್ಪ ಅಮ್ಮಂದಿರು ಅದು ಹುಡುಗನ ಹೆಸರೆಂದುಕೊಂಡರು. ಈಗ ಅವನು ಬ್ಯಾಟು ಹಿಡಿದು ಬಂದರೆ ಇಡೀ ಬ್ಲೀಚರು ‘ಲೆಟ್ಸ್ ಗೋ, ಡ್ರ್ಯಾವಿಡ್’ ಎನ್ನುತ್ತದೆ. ಹುಡುಗ ಎರಡು ಸೀಸನ್ ತಿದ್ದಿ ನೋಡಿದ, ಆಮೇಲೆ ಕೈಬಿಟ್ಟ.

ಹೊಗಳಿಕೆಯಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬೇಲಿಯಪ್ಪನ ಬಾಯಿಂದ ಬರುವುದರಲ್ಲಿ ಬಹುಪಾಲು ಉಪದೇಶ. ಪಿಚರ್ ಕೈ ಎತ್ತಿ, ಚೆಂಡು 46 ಅಡಿ ದಾಟಿ ಬರುವಷ್ಟರಲ್ಲಿ ಮಗನ ಕಿವಿಗೆ ಏನೇನು ಬೀಳುತ್ತದೆ ಕೇಳಿ: ‘ಮೊಣಕೈ ಮೇಲೆ! ಮಂಡಿ ಬಗ್ಗಲಿ! ಬಾಲ್ ನೋಡು ಪುಟ್ಟಾ, ಬಾಲ್ ನೋಡು! ಮುಂದೆ ಹೋಗ್ಬೇಡ! ಹಿಂದೆ ನಿಲ್ಬೇಡ! ರಿಲ್ಯಾಕ್ಸ್!’ ಇಷ್ಟರಲ್ಲೂ ಅತಿ ಜೋರಾಗಿ ಕೇಳುವುದು ‘ರಿಲ್ಯಾಕ್ಸ್’. ಹನ್ನೊಂದು ವರ್ಷದ ಹುಡುಗ ಇದರಲ್ಲಿ ಯಾವುದನ್ನು ಪಾಲಿಸಬೇಕು? ‘ಬಾಲ್ ನೋಡು’ ಎಂಬುದನ್ನು ಪಾಲಿಸಿದ. ಮೂರನೇ ಸ್ಟ್ರೈಕು ಸೊಂಟದ ಎತ್ತರದಲ್ಲಿ ಹಾದುಹೋಗುವುದನ್ನು ಕಣ್ತುಂಬ ನೋಡಿ, ಔಟಾಗಿ ಡಗೌಟಿಗೆ ಮರಳಿದ.

ಕ್ರಿಕೆಟ್ಟಿನಿಂದ ತಂದ ಸಾಮಾನನ್ನೂ ಬೇಲಿಯಪ್ಪ ಆಗಾಗ ಬಿಚ್ಚುತ್ತಾನೆ. ಹೊಡೆದ ಮೇಲೆ ಬ್ಯಾಟು ಕೆಳಗೆ ಹಾಕಿ ಓಡಬೇಕಾದ ಆಟದಲ್ಲಿ ‘ಬ್ಯಾಟ್ ಬಿಡ್ಬೇಡ್ವೋ!’ ಎಂದು ಇವನು ಕೂಗಿದ್ದರಿಂದ ಮಗ ಮೊದಲ ಬೇಸಿನ ತನಕ ಬ್ಯಾಟು ಹೊತ್ತುಕೊಂಡು ಓಡಿದ್ದುಂಟು. ಎದುರು ತಂಡದ ಪಿಚರ್ ಎಷ್ಟು ಎಸೆದ ಎಂದು ಲೆಕ್ಕ ಇಡುವ ಕ್ಲಿಕ್ಕರ್ ಒಂದು ಅವನ ಜೇಬಿನಲ್ಲಿರುತ್ತದೆ. ಎಳೆಯ ತೋಳು ಹಾಳಾಗದಿರಲಿ ಎಂದು ಲಿಟಲ್ ಲೀಗಿನವರು 2007ರಿಂದ ಎಸೆತಕ್ಕೆ ಮಿತಿ ಹಾಕಿದ್ದಾರೆ. ಹನ್ನೊಂದು, ಹನ್ನೆರಡು ವರ್ಷದವರಿಗೆ ದಿನಕ್ಕೆ 85. ಹುಡುಗರ ಆರೋಗ್ಯಕ್ಕೆಂದು ಬಂದ ಈ ನಿಯಮ ಬೇಲಿಯಪ್ಪನ ಕೈಯಲ್ಲಿ ಆಯುಧವಾಗಿದೆ. ಎಪ್ಪತ್ತು ದಾಟಿದಲ್ಲಿಂದ ಪ್ರತಿ ಎಸೆತಕ್ಕೂ ‘ಸೆವೆಂಟಿ ಒನ್! ಸೆವೆಂಟಿ ಟೂ!’ ಎಂದು ಆ ಹುಡುಗನಿಗೆ ಕೇಳುವ ಹಾಗೆ ಎಣಿಸುತ್ತಾನೆ. ಕೇಳಿದರೆ ‘ಪಾಪ, ಅವನ ಭುಜದ ಕಾಳಜಿ ಕಣ್ರೀ’ ಎನ್ನುತ್ತಾನೆ.

ಅವನ ಬ್ರಹ್ಮಾಸ್ತ್ರ ಮಾತ್ರ ಕನ್ನಡ. 2020ರ ಐಪಿಎಲ್‌ನಲ್ಲಿ ಪಂಜಾಬ್ ತಂಡದ ಕೆ.ಎಲ್. ರಾಹುಲ್, ಮಯಂಕ್ ಅಗರ್ವಾಲ್ ಮತ್ತಿತರರು ಮೈದಾನದಲ್ಲಿ ಕನ್ನಡದಲ್ಲೇ ಮಾತಾಡಿಕೊಳ್ಳುವುದು ಸ್ಟಂಪ್ ಮೈಕಿನಲ್ಲಿ ಕೇಳಿದ ಮೇಲೆ ಅವನಿಗೆ ಈ ಯೋಚನೆ ಹೊಳೆದದ್ದು. ಅವನು ನಿಲ್ಲುವ ಜಾಗದಿಂದ ಚೆಂಡು ಹಿಡಿಯಲು ಕೂತ ಎದುರು ತಂಡದ ಕ್ಯಾಚರ್ ಗ್ಲವ್ ಎಲ್ಲಿ ಹಿಡಿದಿದ್ದಾನೆ ಎಂಬುದು ಚೆನ್ನಾಗಿ ಕಾಣುತ್ತದೆ. ‘ಹೊರಗೆ ಬರತ್ತೆ, ಬಿಡು’, ‘ಈಗ ಒಳಗೆ, ರೆಡಿ ಇರು’ ಎಂದು ಕನ್ನಡದಲ್ಲಿ ಸುದ್ದಿ ರವಾನಿಸಲು ಶುರುಮಾಡಿದ. ಬೇಸ್‌ಬಾಲ್‌ನಲ್ಲಿ ಇದು ಸಣ್ಣ ತಪ್ಪೇನಲ್ಲ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು ಎದುರಾಳಿಯ ಸನ್ನೆ ಕದ್ದು, ಕಸದ ಡಬ್ಬಿ ಬಡಿದು ತಮ್ಮ ಬ್ಯಾಟರನಿಗೆ ಸೂಚನೆ ಕೊಟ್ಟು, ಮುಂದೆ ಸಿಕ್ಕಿಬಿದ್ದು 50 ಲಕ್ಷ ಡಾಲರ್ ದಂಡ ತೆತ್ತರು. ಲಿಟಲ್ ಲೀಗಿನಲ್ಲೂ ಚೆಂಡು ಎಲ್ಲಿ ಬರುತ್ತದೆಂದು ಬ್ಯಾಟರನಿಗೆ ಸುದ್ದಿ ಮುಟ್ಟಿಸುವುದು ಕ್ರೀಡಾಮನೋಭಾವಕ್ಕೆ ಹೊರತಾದದ್ದು. ಬೇಲಿಯಪ್ಪನಿಗೆ ಇದೆಲ್ಲ ಗೊತ್ತು. ಆದರೂ ಕನ್ನಡದಲ್ಲಿ ಹೇಳಿದ್ದು ಅಪರಾಧದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವನ ನಂಬಿಕೆ.

ಒಂದು ಶನಿವಾರ ಎದುರು ಡಗೌಟಿನಲ್ಲಿ ಸಹಾಯಕ ಕೋಚ್ ಒಬ್ಬ ಎದ್ದು ನಿಂತ. ಟೋಪಿ, ಕಪ್ಪು ಕನ್ನಡಕ, ಕೆನ್ನೆಯಲ್ಲಿ ಸೂರ್ಯಕಾಂತಿ ಬೀಜ. ಪಿಚಕ್ಕನೆ ಸಿಪ್ಪೆ ಉಗುಳಿ, ‘ಏನ್ರೀ ಸರ, ನಮ್ಮ ಹುಡುಗ ಎಲ್ಲಿ ಒಗೀತಾನ ಅಂತ ಅಲ್ಲಿಂದನ ಕಾಮೆಂಟ್ರಿ ಹೊಡ್ಯಾಕತ್ತೀರಲ್ಲ? ನಮಗೂ ಕನ್ನಡ ತಿಳೀತದ್ರೀ’ ಎಂದ.

ಬೇಲಿಯಪ್ಪನ ಮುಖ ಬಿಳಿಚಿಕೊಂಡದ್ದು ಅರೆಗಳಿಗೆ. ಮರುಕ್ಷಣ, ‘ಅಯ್ಯೋ, ನಮಸ್ಕಾರ ಸಾರ್! ನಿಮ್ದು ಹುಬ್ಬಳ್ಳಿನಾ?’

‘ಧಾರವಾಡ್ರೀ. ನಿಮ್ಮದು?’

‘ಮೈಸೂರು. ನಮ್ಮ ಷಡ್ಕ ಧಾರವಾಡದಲ್ಲೇ ಇದಾರೆ, ಸಪ್ತಾಪುರದ ಹತ್ರ.’

‘ಸಪ್ತಾಪುರದಾಗ ಎಲ್ಲ್ರೀ?’

ದೂರದ ಡಗೌಟಿನಿಂದ ಬೇಲಿಯವರೆಗೆ ಮುಟ್ಟುವಂತೆ ಇಬ್ಬರೂ ಕೂಗಿ ಮಾತಾಡುತ್ತಿದ್ದರು. ಮೊದಲೇ ಎತ್ತರದ ದನಿ, ಮೇಲೆ ಧಾರವಾಡದ ಖದರು. ಅಂಪೈರಿಗೆ ಇನ್ನೇನು ಹೊಡೆದಾಟವೇ ಆಗುತ್ತದೆ ಅನ್ನಿಸಿತು. ಆಟ ನಿಲ್ಲಿಸಿ ಇಬ್ಬರಿಗೂ ಎಚ್ಚರಿಕೆ ಕೊಟ್ಟ. ಸಪ್ತಾಪುರದ ಮನೆ ಎಲ್ಲಿ ಎಂಬುದು ಪಾರ್ಕಿಂಗ್ ಲಾಟಿನಲ್ಲಿ ಇತ್ಯರ್ಥವಾಯಿತು.

ಇಷ್ಟೆಲ್ಲ ನಡೆಯುವಾಗ ಬೇಲಿಯಪ್ಪನ ಹೆಂಡತಿ ಎಲ್ಲಿರುತ್ತಾಳೆ? ಮೂರನೇ ಬೇಸಿನ ಆಚೆ, ಮರದ ನೆರಳಲ್ಲಿ, ಮೊಸರನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಈ ಮನುಷ್ಯ ಯಾರೋ ತನಗೆ ತಿಳಿಯದು ಎಂಬಂತೆ. ಯಾರಾದರೂ ‘ಡ್ರ್ಯಾವಿಡ್ ಅಪ್ಪ ಬಹಳ ಹುರುಪಿನವರು’ ಎಂದರೆ, ‘ಹೌದಂತೆ’ ಎನ್ನುತ್ತಾಳೆ.

ಹುಡುಗರ ಕತೆಯೇ ಬೇರೆ. ಮಗ ಹೇಗೋ ಎರಡನೇ ಬೇಸು ತಲುಪಿದ ಅನ್ನಿ, ಅಲ್ಲಿ ಕಾವಲಿರುವ ಎದುರು ತಂಡದವನು ಕೇಳುವುದು, ‘ನಿಮ್ಮ ಸ್ನ್ಯಾಕ್ ಏನು?’ ‘ಚಿಪ್ಸ್, ಜ್ಯೂಸು. ನಿಮ್ಮದು?’ ‘ಡೋನಟ್.’ ಇವನ ಮುಖದಲ್ಲಿ ಅಸೂಯೆ. ಅವರ ಚಾಟರ್ ಇಷ್ಟೇ. ಬೇಲಿಯಪ್ಪನಿಗೆ ಇದು ಕಂಡರೆ ಸಂಕಟ. ‘ಎನಿಮಿ ಜೊತೆ ಏನೋ ಮಾತು? ಬಾಲ್ ನೋಡು!’

ಹಾಗೆಂದು ಕ್ರೀಡಾಮನೋಭಾವದ ಮೇಲೆ ಅವನಿಗೆ ಗೌರವ ಇಲ್ಲದಿಲ್ಲ. 2022ರ ಆಗಸ್ಟಿನಲ್ಲಿ ಟೆಕ್ಸಾಸಿನ ವೇಕೋದಲ್ಲಿ ಲಿಟಲ್ ಲೀಗಿನ ಒಂದು ಪಂದ್ಯ ನಡೆಯಿತು. ಪಿಚರನ ಚೆಂಡು ಬ್ಯಾಟರನ ತಲೆಗೆ, ಹೆಲ್ಮೆಟ್ಟಿಗೆ, ಬಡಿಯಿತು. ಏಟು ತಿಂದ ಹುಡುಗ ಸುಧಾರಿಸಿಕೊಂಡು ಬೇಸಿಗೆ ಹೋದ. ಏಟು ಕೊಟ್ಟವನು ಚೆಂಡು ಎಸೆಯುವ ದಿಬ್ಬದ ಮೇಲೆ ಅಳುತ್ತ ನಿಂತುಬಿಟ್ಟ. ಆಗ ಏಟು ತಿಂದವನೇ ಹೆಲ್ಮೆಟ್ ಬಿಸಾಡಿ ಅಲ್ಲಿಗೆ ನಡೆದು ಹೋಗಿ ಅವನನ್ನು ತಬ್ಬಿಕೊಂಡು ಸಮಾಧಾನ ಹೇಳಿದ. ದೇಶವೆಲ್ಲ ಆ ವಿಡಿಯೊ ನೋಡಿತು. ಬೇಲಿಯಪ್ಪನೂ ನೋಡಿ ಕಣ್ಣೊರೆಸಿಕೊಂಡು, ‘ಇದು ಸಂಸ್ಕಾರ’ ಎಂಬ ಒಕ್ಕಣೆಯೊಂದಿಗೆ ಕುಟುಂಬದ ಗುಂಪು, ಕಾಲೇಜು ಗುಂಪು, ಅಪಾರ್ಟ್‌ಮೆಂಟ್ ಗುಂಪು ಎಲ್ಲಕ್ಕೂ ಹಂಚಿದ. ಮುಂದಿನ ಸೀಸನ್ನಿನಲ್ಲಿ ಚೆಂಡೊಂದು ಅವನ ಮಗನ ಪ್ಯಾಂಟಿಗೆ ಸವರಿಕೊಂಡು ಹೋಯಿತು. ‘ಪಿಚರನ್ನ ತೆಗೀರಿ! ಬೇಕೂಂತ ಹೊಡೆದ!’ ಎಂದು ಬೇಲಿ ಹತ್ತಲು ಹೊರಟವನನ್ನು ಇಬ್ಬರು ಅಜ್ಜಂದಿರು ಸೊಂಟ ಹಿಡಿದು ಇಳಿಸಿದರು. ಮಗ ಸಂತೋಷವಾಗಿ ಮೊದಲ ಬೇಸಿಗೆ ಹೋಗಿ ನಿಂತಿದ್ದ.

ಹೀಗೆ ಕೂಗುವುದು ತಪ್ಪು ಎಂದರೆ ದೊಡ್ಡ ದೊಡ್ಡವರ ಹೆಸರು ಹೇಳುತ್ತಾನೆ. 2007ರ ಮೇ ತಿಂಗಳಲ್ಲಿ ಟೊರಾಂಟೊದಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಅಲೆಕ್ಸ್ ರಾಡ್ರಿಗಸ್ ಬೇಸುಗಳ ನಡುವೆ ಓಡುತ್ತ, ಮೇಲಿನಿಂದ ಬೀಳುತ್ತಿದ್ದ ಚೆಂಡಿಗೆ ಕೈಯೊಡ್ಡಿದ್ದ ಫೀಲ್ಡರನ ಹಿಂದೆ ಏನೋ ಕೂಗಿದ. ಜೊತೆಯವನು ಹಿಡಿಯುತ್ತಾನೆಂದುಕೊಂಡು ಆ ಫೀಲ್ಡರ್ ಹಿಂದೆ ಸರಿದ, ಚೆಂಡು ನೆಲಕ್ಕೆ ಬಿತ್ತು. ಟೊರಾಂಟೊದವರು ಕೆಂಡವಾದರು. ಬೇಲಿಯಪ್ಪನ ವಾದ ಇಷ್ಟು: ಕೋಟಿಗಟ್ಟಲೆ ಸಂಬಳ ತಗೊಳ್ಳೋನು ಕೂಗಬಹುದು, ನಾನು ಫೀಸು ಕಟ್ಟಿ ಕೂಗಬಾರದೇ?

ಕೊನೆಗೆ ಅಂಪೈರ್ ವಿಷಯದಲ್ಲಿ ಸಿಕ್ಕಿಬಿದ್ದ. ಲಿಟಲ್ ಲೀಗಿನಲ್ಲಿ ಅಂಪೈರ್ ಎಂದರೆ ಎಷ್ಟೋ ಕಡೆ ಹದಿನೈದು ಹದಿನಾರರ ಹುಡುಗ. ಬೇಲಿಯಪ್ಪಂದಿರ ಬಾಯಿಗೆ ಹೆದರಿ ಆ ಹುಡುಗರೂ ಕೆಲಸ ಬಿಟ್ಟು ಹೋಗುತ್ತಿದ್ದಾರೆ. ಇದಕ್ಕೆ 2023ರಲ್ಲಿ ನ್ಯೂಜೆರ್ಸಿಯದೇ ಡೆಪ್ಟ್‌ಫರ್ಡ್ ಎಂಬ ಊರಿನ ಲಿಟಲ್ ಲೀಗ್ ಮದ್ದು ಕಂಡುಹಿಡಿಯಿತು: ಅಂಪೈರ್ ಮೇಲೆ ರೇಗಿದ ಪಾಲಕರು ತಾವೇ ಮೂರು ಪಂದ್ಯಕ್ಕೆ ಅಂಪೈರ್ ಆಗಿ ನಿಲ್ಲಬೇಕು, ಅಲ್ಲಿಯವರೆಗೆ ಮೈದಾನದ ಕಡೆ ತಲೆ ಹಾಕುವಂತಿಲ್ಲ. ನಮ್ಮ ಬೇಲಿಯಪ್ಪನ ಊರಿನವರೂ ಅದನ್ನೇ ತಂದರು. ‘ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡು ಬಾರಪ್ಪ’ ಎಂಬರ್ಥದ ಇಂಗ್ಲಿಷ್ ವಾಕ್ಯವೊಂದನ್ನು ಹೈಸ್ಕೂಲ್ ಹುಡುಗನೊಬ್ಬನ ಮೇಲೆ ಪ್ರಯೋಗಿಸಿದ್ದಕ್ಕೆ ಅವನಿಗೆ ಮೂರು ಪಂದ್ಯಗಳ ಶಿಕ್ಷೆಯಾಯಿತು. ಆ ಹುಡುಗನೇ ಮೇಲ್ವಿಚಾರಕ.

ಮೊದಲ ಪಂದ್ಯ, ಮೊದಲ ಬೇಸು. ಓಡಿಬಂದ ಹುಡುಗನಿಗಿಂತ ಚೆಂಡು ಕೂದಲೆಳೆ ಮುಂಚೆ ಬಂತು. ಬೇಸ್‌ಬಾಲ್ ಅಂಪೈರ್ ಔಟ್ ಕೊಡುವುದು ಮುಷ್ಟಿ ಬಿಗಿದು. ಬೇಲಿಯಪ್ಪ ನೆಟ್ಟಗೆ ನಿಂತು, ಗಂಭೀರವಾಗಿ, ಬಲಗೈಯ ತೋರುಬೆರಳನ್ನು ಆಕಾಶಕ್ಕೆ ಎತ್ತಿದ. ಓಡಿಬಂದ ಹುಡುಗ ಮೇಲೆ ನೋಡಿದ. ಬೇಸಿನಲ್ಲಿದ್ದವನೂ ಮೇಲೆ ನೋಡಿದ. ಎರಡೂ ಡಗೌಟಿನವರು ಎದ್ದು ಬಂದು ಮೇಲೆ ನೋಡಿದರು. ‘ಔಟ್! ಔಟ್ ಕಣ್ರೋ!’ ಎಂದು ಅವನು ಅರಚಿದಾಗಲೇ ಆಟ ಮುಂದುವರಿದದ್ದು.

ಆ ಅರಚಿದ್ದರಲ್ಲಿ ಅವನಿಗೊಂದು ಸತ್ಯ ಹೊಳೆಯಿತು: ಇಡೀ ಮೈದಾನದಲ್ಲಿ ಎಷ್ಟು ಕೂಗಿದರೂ ಯಾರೂ ಬೇಡ ಅನ್ನದ ಮನುಷ್ಯ ಅಂಪೈರ್ ಒಬ್ಬನೇ. ಎರಡನೇ ಪಂದ್ಯದ ಹೊತ್ತಿಗೆ ಅವನ ‘ಸೇಫ್’ ಪಕ್ಕದ ಟೆನಿಸ್ ಕೋರ್ಟಿನ ಆಟ ನಿಲ್ಲಿಸಿತು. ಮೂರನೆಯದಕ್ಕೆ ಸ್ವಂತ ದುಡ್ಡಿನಲ್ಲಿ ಅಂಪೈರ್ ಟೋಪಿ, ಬೂದು ಪ್ಯಾಂಟು ತರಿಸಿಕೊಂಡು ಬಂದ. ಶಿಕ್ಷೆ ಮುಗಿದಿದೆ, ಇನ್ನು ಬರಬೇಕಾಗಿಲ್ಲ ಎಂದು ಲೀಗಿನ ಅಧ್ಯಕ್ಷೆ ಧನ್ಯವಾದದ ಮೇಲ್ ಕಳಿಸಿದರು. ಅದಕ್ಕೆ ಬೇಲಿಯಪ್ಪ ಕೂಡಲೇ ಉತ್ತರ ಬರೆದಿದ್ದಾನೆ: ಇನ್ನೂ ಮೂರು ಪಂದ್ಯ ಬೇಕಾದರೆ ಯಾರಿಗೆ, ಏನೆಂದು ಬೈಯಬೇಕು, ದಯವಿಟ್ಟು ತಿಳಿಸಿ.