ಯಾನೋಪಭೋಗ

ಹುಮನಾಬಾದಿನ ನಿವೃತ್ತ ಮಾಸ್ತರರೊಬ್ಬರ ಮನೆಯಲ್ಲಿ ಎರಡು ಕಪಾಟು ತುಂಬ ಪುಸ್ತಕ. ಒಂದರಲ್ಲಿ ಕಾರು, ಇನ್ನೊಂದರಲ್ಲಿ ವಿಮಾನ. ಅಂಗಳದಲ್ಲಿ ಮಾತ್ರ ಒಂದು ಹಳೆಯ ಚೇತಕ್ ಸ್ಕೂಟರ್. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಹೊಟ್ಟೆಯಲ್ಲಿ, 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನವನ್ನು ರೂಪಿಸಿದ್ದು ಜರ್ಮನಿಯ ಕರ್ಟ್ ಟ್ಯಾಂಕ್ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬೀದರಿನ ವಾಯುನೆಲೆಯಿಂದ ಎದ್ದ ತರಬೇತಿ ವಿಮಾನದ ಸದ್ದು ಕೇಳಿದರೆ ಊಟ ಬಿಟ್ಟು ಮಾಳಿಗೆ ಹತ್ತುತ್ತಾರೆ. ಹತ್ತುವಷ್ಟರಲ್ಲಿ ಅದು ತೆಲಂಗಾಣ ಮುಟ್ಟಿರುತ್ತದೆ.

“ಹಾಕ್ ಇರಬೇಕು,” ಎನ್ನುತ್ತ ಇಳಿಯುತ್ತಾರೆ.

“ಹಾಕೂ ಹೋತು, ಸಾರೂ ಆರಿತು,” ಎನ್ನುತ್ತಾರೆ ಮನೆಯಾಕೆ.

ಕಪಾಟಿನ ಕಟ್ಟಳೆ ಕಟ್ಟುನಿಟ್ಟು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ಕ್ಕೆ ವಿಮಾನದ ಸಾಲಿನಲ್ಲಿ ಜಾಗ ಸಿಕ್ಕಿಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಕೂತು ಲೆಕ್ಕ ಹಾಕಿ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದು ಬರೆದರಲ್ಲ, ಅಂದಿನಿಂದ ಅದು ಕಾದಂಬರಿಗಳ ಮಗ್ಗುಲಲ್ಲಿದೆ.

ಸ್ಕೂಟರಿನ ವಂಶಾವಳಿಯನ್ನಂತೂ ಅವರು ಮದುವೆ ಮನೆಯಲ್ಲೂ ಹೇಳುತ್ತಾರೆ. ಚೇತಕ್ ಎಂಬುದು ರಾಣಾ ಪ್ರತಾಪನ ಕುದುರೆಯ ಹೆಸರು. 1972ರಲ್ಲಿ ಬಂದ ಈ ಗಾಡಿಯ ಅಜ್ಜ 1946ರ ಇಟಲಿಯ ವೆಸ್ಪಾ. ಅದನ್ನು ಕಟ್ಟಿದ ಕೊರ್ರಾದಿನೊ ದಾಸ್ಕಾನಿಯೊ ಹೆಲಿಕಾಪ್ಟರ್ ಮಾಡಿದ್ದ ವಿಮಾನ ಎಂಜಿನಿಯರ್. ಮೋಟರ್ ಸೈಕಲ್ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ತಾಗದಂತೆ ಎಂಜಿನ್ನಿಗೆ ಮುಚ್ಚಳ ಹಾಕಿದ. ಮುಂದಿನ ಗಾಲಿಯನ್ನು ವಿಮಾನದ ಗಾಲಿಯ ಹಾಗೆ ಒಂದೇ ಪಕ್ಕದಿಂದ ಹಿಡಿಸಿದ. ಅಂಥ ವೈಮಾನಿಕ ಕುಲದ ಗಾಡಿಯನ್ನು ನಮ್ಮವರು ದಿನಾ ಬೆಳಿಗ್ಗೆ ಒಂದು ಮಗ್ಗುಲಿಗೆ ವಾಲಿಸಿ, ಕೂಸಿಗೆ ಔಷಧ ಕುಡಿಸಿದಂತೆ ಮಾಡಿ, ಆಮೇಲೆ ಕಿಕ್ ಹೊಡೆಯುತ್ತಿದ್ದರು. ಈ ಭಾಗ ಯಾವ ಪುಸ್ತಕದಲ್ಲೂ ಇಲ್ಲವೆಂದು ಮಾಸ್ತರರಿಗೆ ಬೇಸರ.

ಒಂದು ರವಿವಾರ ಅವರು ಬಸವಕಲ್ಯಾಣದ ಕೋಟೆ ನೋಡಲು ಹೊರಟರು. ಡಿಕ್ಕಿಯಲ್ಲಿ ‘ಮಾನಸೋಲ್ಲಾಸ’. ಸಸ್ತಾಪುರ ಬಂಗ್ಲಾ ದಾಟುವುದರೊಳಗೆ ಚೇತಕ್ ಕೆಮ್ಮಿ ನಿಂತಿತು. ವಾಲಿಸಿದರು, ಕಿಕ್ ಹೊಡೆದರು, ಮತ್ತೆ ವಾಲಿಸಿದರು. ಕೊನೆಗೆ ತಳ್ಳಿಕೊಂಡು ಆಟೊ ನಗರ ಸೇರಿದರು. ಅಲ್ಲಿ ಬಾನೆಟ್ ತೆರೆದ ಲಾರಿಗಳು ದಂತವೈದ್ಯರ ಮುಂದೆ ಕೂತಂತೆ ಸಾಲಾಗಿ ನಿಂತಿದ್ದವು.

ಲಾರಿಯಡಿಯಿಂದ ಉಸ್ತಾದ್ ಹೊರಬಂದ, ಕೈಯಲ್ಲಿ ಪಾನಾ. “ಏನಾಗ್ಯಾದ್ರಿ ಸರ್?”

ಮಾಸ್ತರರು ಇಟಲಿಯಿಂದ ಶುರು ಮಾಡಿದರು. ದಾಸ್ಕಾನಿಯೊ ಹೆಲಿಕಾಪ್ಟರಿನಿಂದ ಇಳಿಯುವ ಮೊದಲೇ ಉಸ್ತಾದ್ ಬಗ್ಗಿ, ಸೀಟಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು ರಿಸರ್ವಿಗೆ ತಿರುಗಿಸಿದ. ಪಾನಾ ಇನ್ನೊಂದು ಕೈಯಲ್ಲೇ ಉಳಿಯಿತು. ಒಂದೇ ಕಿಕ್ಕಿಗೆ ಗಾಡಿ ಚಾಲೂ. ರೊಕ್ಕ ತೊಗೊಳ್ಳಲಿಲ್ಲ, ಚಹಾ ಹೇಳಿದ.

ಚಹಾ ಬರುವತನಕ ಮಾಸ್ತರರು ಮಾನ ಉಳಿಸಿಕೊಳ್ಳಲು ಪುಸ್ತಕ ಬಿಚ್ಚಿದರು. ಇದನ್ನು 1129ರಲ್ಲಿ ಮುಗಿಸಿದವನು ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಐದು ವಿಂಶತಿ, ಒಂದೊಂದಕ್ಕೆ 20 ಅಧ್ಯಾಯ, ಒಟ್ಟು ನೂರು. ಮೂರನೆಯ ವಿಂಶತಿಯಲ್ಲಿ ರಾಜನ ಉಪಭೋಗಗಳು: ಮನೆ, ಸ್ನಾನ, ಪಾದರಕ್ಷೆ, ತಾಂಬೂಲ, ಊಟ, ಹಾಸಿಗೆ. ನಡುವೆ ‘ಯಾನೋಪಭೋಗ’, ಅಂದರೆ ವಾಹನದ ಸುಖ.

“ಅದರಾಗ ಪಂಚರ್ ಬಗ್ಗೆ ಏನಾರ ಅದ ಏನ್ರಿ?”

ಇಲ್ಲ. ಪಲ್ಲಕ್ಕಿ ಏರುವವನ ಪುಸ್ತಕ ಅದು, ಹೊರುವವನದಲ್ಲ. ತಾನು ಯಾರ ವಂಶದವನೆಂದು ಮಾಸ್ತರರಿಗೆ ಆಗ ಹೊಳೆದು, ಚಹಾ ತುಸು ಕಹಿಯಾಯಿತು. ಸೋಮೇಶ್ವರನ ನಂತರ ಕೆಲವೇ ದಶಕಗಳಲ್ಲಿ ಇದೇ ಊರಿನಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ವಚನಕಾರರಾದರು. ಅದನ್ನು ನೆನೆದು ಅವರು ಕೇಳಿಯೇ ಬಿಟ್ಟರು: “ನೀವೂ ಒಂದು ಪುಸ್ತಕ ಬರೀಬಾರದೇನು ಉಸ್ತಾದ್?”

“ಕೈಯೆಲ್ಲ ಗ್ರೀಸ್ ಅದರಿ. ಕಾಗದ ಹೊಲಸ ಆಗ್ತದ.” ಹಾಳೆ ತಿರುವಿದ ಆತನ ಹೆಬ್ಬೆಟ್ಟು ಅಷ್ಟರಲ್ಲೇ ಯಾನೋಪಭೋಗದ ಅಂಚಿನಲ್ಲಿ ಕಪ್ಪಗೆ ಮೂಡಿತ್ತು. “ರಿಸರ್ವ್ ಭಾಳ ದೂರ ಬರಂಗಿಲ್ರಿ. ಮೊದಲು ಪಂಪಿಗೆ ಹೋಗ್ರಿ.”

ಮಾಸ್ತರರು ಮೊದಲು ಕೋಟೆಗೆ ಹೋದರು. ಸಂಜೆ ಮರಳುವಾಗ ಹುಮನಾಬಾದ್ ಇನ್ನೂ ಎರಡು ಕಿಲೋಮೀಟರ್ ಇರುವಾಗ ಚೇತಕ್ ಮತ್ತೆ ನಿಂತಿತು. ಈ ಸಲ ತಿರುಗಿಸಲು ನಲ್ಲಿಯೂ ಉಳಿದಿರಲಿಲ್ಲ. ಹೆದ್ದಾರಿಯ ಅಂಚಿನಲ್ಲಿ ತಳ್ಳುತ್ತ ಬರುತ್ತಿದ್ದಾಗ ಬೀದರಿನ ದಿಕ್ಕಿನಿಂದ ಗುಡುಗಿನಂಥ ಸದ್ದು. ಅವರು ಗಾಡಿಗೆ ಸ್ಟ್ಯಾಂಡ್ ಹಾಕಿ, ಬೆವರು ಒರೆಸಿಕೊಂಡು, ಕತ್ತೆತ್ತಿದರು. ಇಲ್ಲಿ ಹತ್ತಲು ಮಾಳಿಗೆ ಇರಲಿಲ್ಲವಾಗಿ, ವಿಮಾನ ಪೂರ್ತಿ ಕಂಡಿತು.